ರೇಷನ್ ಅಕ್ಕಿಯ ಫೋಲಿಕ್ ಆಮ್ಲ: ಹೆಚ್ಚಾಯಿತೋ, ಕಡಿಮೆಯಾಯಿತೋ?

ನ್ಯಾಯಬೆಲೆ ಅಂಗಡಿಯಿಂದ ತಂದ ಅಕ್ಕಿಯನ್ನು ಮೊರದಲ್ಲಿ ಹಸನು ಮಾಡುವಾಗ ಅಲ್ಲೊಂದು ಇಲ್ಲೊಂದು ಕಾಳು ಬೇರೆಯಾಗಿ ಕಾಣುತ್ತದೆ. ಬಣ್ಣ ತುಸು ಹಳದಿ. ತೊಳೆಯಲು ನೀರು ಹಾಕಿದರೆ ಕೆಲವು ಮೇಲೆ ತೇಲುತ್ತವೆ. ಕರ್ನಾಟಕದ ಎಷ್ಟೋ ಊರುಗಳಲ್ಲಿ ಜನ ಇದನ್ನು ‘ಪ್ಲಾಸ್ಟಿಕ್ ಅಕ್ಕಿ’ ಎಂದು ಗಾಬರಿಗೊಂಡರು, ಆರಿಸಿ ಚೆಲ್ಲಿದರು. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ ಮತ್ತು ವಿಟಮಿನ್ ಬಿ12 ಬೆರೆಸಿ, ಯಂತ್ರದಲ್ಲಿ ಒತ್ತಿ ಅಕ್ಕಿಯ ಆಕಾರ ಕೊಟ್ಟ ಕಾಳು. ನೂರು ಪಾಲು ಮಾಮೂಲಿ ಅಕ್ಕಿಗೆ ಇದು ಒಂದು ಪಾಲು. ಹೀಗೆ ಬೆರೆಸಿದ್ದನ್ನು ‘ಸಾರವರ್ಧಿತ ಅಕ್ಕಿ’ ಎನ್ನುತ್ತಾರೆ.

2021ರ ಆಗಸ್ಟ್ 15ರಂದು ಪ್ರಧಾನಿ ಈ ಯೋಜನೆಯನ್ನು ಘೋಷಿಸಿದರು. ಮೊದಲ ಹಂತದಲ್ಲಿ ಅಂಗನವಾಡಿ ಮತ್ತು ಶಾಲೆಯ ಬಿಸಿಯೂಟಕ್ಕೆ, ಎರಡನೆಯ ಹಂತದಲ್ಲಿ ಹಿಂದುಳಿದ ಹಾಗೂ ಅಪೌಷ್ಟಿಕತೆ ಹೆಚ್ಚಿರುವ ಜಿಲ್ಲೆಗಳ ಪಡಿತರಕ್ಕೆ, 2024ರ ಮಾರ್ಚ್ ಹೊತ್ತಿಗೆ ಇಡೀ ದೇಶಕ್ಕೆ ಎಂಬುದು ಲೆಕ್ಕಾಚಾರವಾಗಿತ್ತು. ಕೇಂದ್ರದ ‘ಮಹತ್ವಾಕಾಂಕ್ಷೆಯ ಜಿಲ್ಲೆ’ಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಇರುವುದು ಎರಡೇ: ರಾಯಚೂರು ಮತ್ತು ಯಾದಗಿರಿ. ಹಾಗಾಗಿ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ದೇವಾಪುರದಂಥ ಊರಿಗೆ ಈ ಅಕ್ಕಿ ಬೆಂಗಳೂರಿನ ಅಂಗಡಿಗಳಿಗಿಂತ ಮೊದಲೇ ಸಲ್ಲಬೇಕಾಗಿತ್ತು. ಕೂಲಿಗೆ ಹೋಗಿ ಬಂದವರ ತಟ್ಟೆಗೆ ಅವರನ್ನು ಕೇಳದೆ ಒಂದು ರಾಸಾಯನಿಕ ಸೇರುತ್ತಿದೆ ಎಂದಮೇಲೆ ‘ಇದು ಸುರಕ್ಷಿತವೇ?’ ಎಂದು ಕೇಳುವುದು ಅಜ್ಞಾನವಲ್ಲ, ಹಕ್ಕು. ಉತ್ತರವನ್ನು ಸಮಾಧಾನದ ಮಾತಿನಲ್ಲಲ್ಲ, ಅಂಕಿಗಳಲ್ಲಿ ಕೊಡಬೇಕು.

ಮೊದಲು, ಫೋಲಿಕ್ ಆಮ್ಲ ಯಾಕೆ ಬೇಕು? ದೇಹದಲ್ಲಿ ಹೊಸ ಜೀವಕೋಶ ಹುಟ್ಟುವಾಗ ಡಿಎನ್‌ಎ ಕಟ್ಟಲು ಫೋಲೇಟ್ ಬೇಕು. ಸೊಪ್ಪು, ಕಾಳುಗಳಲ್ಲಿ ಸಹಜವಾಗಿರುವ ಈ ಜೀವಸತ್ವದ ಕೃತಕ ರೂಪವೇ ಫೋಲಿಕ್ ಆಮ್ಲ. ಕೊರತೆಯಾದರೆ ರಕ್ತಹೀನತೆ ಬರುತ್ತದೆ. ಬ್ರಿಟಿಷ್ ವೈದ್ಯೆ ಲೂಸಿ ವಿಲ್ಸ್ ಇದರ ಜಾಡು ಹಿಡಿದದ್ದು ನಮ್ಮ ಪಕ್ಕದ ಮುಂಬೈಯಲ್ಲೇ, ಸುಮಾರು 1930ರ ಹೊತ್ತಿಗೆ, ಜವಳಿ ಗಿರಣಿಯ ಬಡ ಗರ್ಭಿಣಿಯರನ್ನು ಪರೀಕ್ಷಿಸುವಾಗ.

ಇದಕ್ಕಿಂತ ಘೋರವಾದ ಇನ್ನೊಂದು ಪರಿಣಾಮವಿದೆ. ಗರ್ಭ ನಿಂತು 28 ದಿನಗಳಾಗುವಷ್ಟರಲ್ಲಿ ಭ್ರೂಣದ ನರನಾಳ ಮುಚ್ಚಿಕೊಳ್ಳಬೇಕು. ಮುಂದೆ ಮಿದುಳು, ಬೆನ್ನುಹುರಿ ಆಗುವುದು ಅದೇ. ಅದು ಪೂರ್ತಿ ಮುಚ್ಚದಿದ್ದರೆ ಮಗು ಬೆನ್ನಿನ ಮೇಲೆ ಗಂಟು ಹೊತ್ತು, ಕಾಲಿನ ಸ್ವಾಧೀನ ಕಳೆದುಕೊಂಡು ಹುಟ್ಟುತ್ತದೆ. ತಲೆಬುರುಡೆಯೇ ಬೆಳೆಯದ ಮಗು ಬದುಕುವುದೇ ಇಲ್ಲ. ದಾವಣಗೆರೆಯ ವೈದ್ಯರು 1989ರಲ್ಲಿ ಪ್ರಕಟಿಸಿದ ವರದಿಯೊಂದರಲ್ಲಿ ಇಂಥ ದೋಷದ ಪ್ರಮಾಣ ಸಾವಿರ ಹೆರಿಗೆಗೆ 11 ದಾಟಿತ್ತು. ಬಹಳ ದೊಡ್ಡ ಸಂಖ್ಯೆ ಅದು. ಎರಡು ವರ್ಷಗಳ ನಂತರ, 1991ರಲ್ಲಿ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಏಳು ದೇಶಗಳಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ ಬಂತು. ಹಿಂದೆ ಇಂಥ ಮಗುವನ್ನು ಹೆತ್ತಿದ್ದ ತಾಯಂದಿರಿಗೆ ಮತ್ತೆ ಗರ್ಭ ನಿಲ್ಲುವ ಮೊದಲಿನಿಂದಲೇ ಫೋಲಿಕ್ ಆಮ್ಲ ಕೊಟ್ಟಾಗ ದೋಷ ಮರುಕಳಿಸುವುದು ಶೇ 72ರಷ್ಟು ಇಳಿಯಿತು. ಅಮೆರಿಕ ಮತ್ತು ಕೆನಡಾ 1998ರಲ್ಲಿ ಹಿಟ್ಟಿಗೆ ಇದನ್ನು ಬೆರೆಸುವುದನ್ನು ಕಡ್ಡಾಯ ಮಾಡಿದವು. ಕೆನಡಾದಲ್ಲಿ ನರನಾಳದ ದೋಷಗಳು ಶೇ 46ರಷ್ಟು ಕಡಿಮೆಯಾದವು.

ಇಷ್ಟು ಒಳ್ಳೆಯದಾದರೆ ಆತಂಕ ಯಾಕೆ? ಅತಿ ಹಳೆಯ ಮತ್ತು ಅತಿ ಗಂಭೀರವಾದ ಆತಂಕ ಬಿ12ಕ್ಕೆ ಸಂಬಂಧಿಸಿದ್ದು. ಫೋಲೇಟ್ ಮತ್ತು ಬಿ12 ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತು. ಬಿ12 ಇಲ್ಲದಿದ್ದರೆ ಫೋಲೇಟ್ ಉಪಯೋಗಕ್ಕೆ ಬಾರದ ಒಂದು ರೂಪದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ರಕ್ತಕಣಗಳು ಸರಿಯಾಗಿ ಬೆಳೆಯುವುದಿಲ್ಲ. ಈಗ ಫೋಲಿಕ್ ಆಮ್ಲವನ್ನು ಹೇರಳವಾಗಿ ಕೊಟ್ಟರೆ ರಕ್ತವೇನೋ ಸುಧಾರಿಸುತ್ತದೆ. ಆದರೆ ಬಿ12 ಕೊರತೆಯಿಂದ ನರಗಳಿಗೆ ಆಗುತ್ತಿರುವ ಹಾನಿ ಒಳಗೊಳಗೇ ಮುಂದುವರಿಯುತ್ತದೆ. 1940ರ ದಶಕದಲ್ಲಿ ಹೀಗೆಯೇ ಆಯಿತು: ರೋಗಿಗಳ ರಕ್ತ ಚೆನ್ನಾಯಿತು, ಕೈಕಾಲು ಜೋಮು ಹಿಡಿದು ನಡಿಗೆ ಕೆಟ್ಟಿತು. ಅವರಿಗೆ ಕೊಡುತ್ತಿದ್ದ ಪ್ರಮಾಣ ಹೆಚ್ಚಾಗಿ ದಿನಕ್ಕೆ 5 ಮಿಲಿಗ್ರಾಂ ಅಥವಾ ಅದಕ್ಕೂ ಮಿಗಿಲು. ಈ ಅನುಭವದ ಮೇಲೆಯೇ ದಿನಕ್ಕೆ 1,000 ಮೈಕ್ರೋಗ್ರಾಂ, ಅಂದರೆ 1 ಮಿಲಿಗ್ರಾಂ, ಎಂಬ ಮೇಲ್ಮಿತಿಯನ್ನು ಅಮೆರಿಕದ ತಜ್ಞರು 1998ರಲ್ಲಿ ನಿಗದಿ ಮಾಡಿದರು.

ನಮ್ಮಲ್ಲಿ ಈ ಮಾತಿಗೆ ವಿಶೇಷ ತೂಕವಿದೆ. ಬಿ12 ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಿಂದ ಮಾತ್ರ. ಬಡವರ ತಟ್ಟೆಯಲ್ಲಿ ಇವು ಅಪರೂಪ, ಸಸ್ಯಾಹಾರಿಗಳ ತಟ್ಟೆಯಲ್ಲಿ ಹಾಲು ಮೊಸರಷ್ಟೇ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಗರ್ಭಿಣಿಯರ ಅಧ್ಯಯನದಲ್ಲಿ ಶೇ 43ರಷ್ಟು ತಾಯಂದಿರಿಗೆ ಬಿ12 ಕಡಿಮೆಯಿತ್ತು, ಫೋಲೇಟ್ ಕಡಿಮೆಯಿದ್ದವರು ಶೇ 4 ಮಾತ್ರ. ಫೋಲೇಟ್ ಹೆಚ್ಚಿದ್ದು ಬಿ12 ಕಡಿಮೆಯಿದ್ದ ತಾಯಂದಿರ ಮಕ್ಕಳಲ್ಲಿ ಆರನೇ ವಯಸ್ಸಿಗೆ ಇನ್ಸುಲಿನ್ ಪ್ರತಿರೋಧ ಹೆಚ್ಚು ಎಂದು ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ 2008ರಲ್ಲಿ ತೋರಿಸಿತು. ಇದೇ ಅಸಮತೋಲದ ಆಹಾರವಿದ್ದ ಗರ್ಭಿಣಿಯರಿಗೆ ಕಡಿಮೆ ತೂಕದ ಶಿಶು ಹುಟ್ಟುವ ಸಾಧ್ಯತೆ ಹೆಚ್ಚು ಎಂದು 2013ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು ಬರೆದರು. ಆದರೆ ಮೈಸೂರಿನ ಅಧ್ಯಯನದ ತಾಯಂದಿರ ಮಕ್ಕಳನ್ನು 9–10ನೇ ವಯಸ್ಸಿನಲ್ಲಿ ಪರೀಕ್ಷಿಸಿದಾಗ, ತಾಯಿಯ ಫೋಲೇಟ್ ಹೆಚ್ಚಿದ್ದವರ ಬುದ್ಧಿಶಕ್ತಿಯ ಅಂಕಗಳೂ ಹೆಚ್ಚಿದ್ದವು. ಇವೆಲ್ಲ ಸಂಬಂಧ ತೋರಿಸುವ ಅಧ್ಯಯನಗಳು, ಇದರಿಂದಲೇ ಅದು ಎಂದು ಸಾಬೀತು ಮಾಡುವಂಥವಲ್ಲ. ಆದರೂ ಫೋಲಿಕ್ ಆಮ್ಲ ಕೊಡುವಾಗ ಬಿ12 ಜೊತೆಗಿರಲಿ ಎಂಬ ಪಾಠವಂತೂ ಇವುಗಳಲ್ಲಿದೆ. ನಮ್ಮ ಅಕ್ಕಿಗೆ ಎರಡನ್ನೂ ಸೇರಿಸಿರುವುದು ಸರಿಯಾದ ನಿರ್ಧಾರ.

ಎರಡನೆಯ ಭಯ ಕ್ಯಾನ್ಸರಿನದು. ಇದಕ್ಕೂ ಬೇರು ಇದೆ. 1940ರ ದಶಕದಲ್ಲಿ ಫೋಲಿಕ್ ಆಮ್ಲವನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ತಂಡದ ಮುಖ್ಯಸ್ಥರು ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. ಅದಕ್ಕೆ ಅಡ್ಡಗಾಲು ಹಾಕುವ ಅಮಿನಾಪ್ಟೆರಿನ್ ಎಂಬ ಔಷಧವೂ ಅವರ ತಂಡದ್ದೇ. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅದನ್ನು ರಕ್ತಕ್ಯಾನ್ಸರಿನ ಮಕ್ಕಳಿಗೆ ಕೊಟ್ಟಾಗ ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿತು. ಫೋಲೇಟ್ ತಡೆದರೆ ಕ್ಯಾನ್ಸರ್ ಕುಗ್ಗುವುದಾದರೆ, ಹೆಚ್ಚಿಸಿದರೆ ಬೆಳೆಯುವುದೇ? ಸುಮಾರು 50,000 ಜನ ಭಾಗವಹಿಸಿದ್ದ 13 ಪ್ರಯೋಗಗಳನ್ನು ಒಟ್ಟುಗೂಡಿಸಿ 2013ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಅಂಥ ಗಮನಾರ್ಹ ಏರಿಕೆ ಕಾಣಲಿಲ್ಲ. ಆ ಪ್ರಯೋಗಗಳ ಅವಧಿ ಸರಾಸರಿ ಐದು ವರ್ಷದಷ್ಟು, ಪ್ರಮಾಣ ಮಾತ್ರ ಆಹಾರದಲ್ಲಿ ಬೆರೆಸುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಈಗ ದೇವಾಪುರದ ತಟ್ಟೆಯ ಲೆಕ್ಕ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ಪ್ರಕಾರ ಒಂದು ಕಿಲೋ ಸಾರವರ್ಧಿತ ಅಕ್ಕಿಯಲ್ಲಿ ಫೋಲಿಕ್ ಆಮ್ಲ 75ರಿಂದ 125 ಮೈಕ್ರೋಗ್ರಾಂ ಇರಬೇಕು. ದಿನಕ್ಕೆ 300 ಗ್ರಾಂ ಅಕ್ಕಿ ಉಣ್ಣುವವರಿಗೆ ಸಿಗುವುದು 22ರಿಂದ 38 ಮೈಕ್ರೋಗ್ರಾಂ. ಮೇಲ್ಮಿತಿ 1,000. ಗರ್ಭಿಣಿಗೆ ಆಶಾ ಕಾರ್ಯಕರ್ತೆ ಕೊಡುವ ಕೆಂಪು ಮಾತ್ರೆಯಲ್ಲಿ 500 ಇರುತ್ತದೆ. ಆ ಮಾತ್ರೆಯನ್ನೂ ನುಂಗಿ ಈ ಅನ್ನವನ್ನೂ ಉಂಡರೆ ಇವೆರಡರಿಂದ ಬರುವುದು ಮಿತಿಯ ಅರ್ಧಕ್ಕಿಂತ ಸ್ವಲ್ಪ ಮೇಲೆ, ಅಷ್ಟೇ. ಬಿ12 ಕೊರತೆಯನ್ನು ಮರೆಮಾಚುವ ಶಕ್ತಿ ಅಕ್ಕಿಯಿಂದ ಸಿಗುವ ಇಷ್ಟು ಅಲ್ಪ ಪ್ರಮಾಣಕ್ಕಿಲ್ಲ. ಸಾರವರ್ಧಿತ ಅಕ್ಕಿಯ ಬಗ್ಗೆ ವಿಜ್ಞಾನಿಗಳಲ್ಲಿ ನಡೆದಿರುವ ಬಿಸಿ ಚರ್ಚೆ ಮುಖ್ಯವಾಗಿ ಕಬ್ಬಿಣದ ಮೇಲೆ, ಫೋಲಿಕ್ ಆಮ್ಲದ ಮೇಲಲ್ಲ.

ನನ್ನ ಕಳವಳ ಬೇರೆಯೇ ಇದೆ. ಅಮೆರಿಕದ ಹಿಟ್ಟಿನಲ್ಲಿ ಕಿಲೋಗೆ 1,400 ಮೈಕ್ರೋಗ್ರಾಂ ಇದೆ. ನಮ್ಮ ಅಕ್ಕಿಯಲ್ಲಿ ಗರಿಷ್ಠವೆಂದರೂ ಅದರ ಹನ್ನೊಂದರಲ್ಲಿ ಒಂದು ಪಾಲು. ಗಂಜಿ ಬಸಿದರೆ ಅದರಲ್ಲೂ ಒಂದಿಷ್ಟು ನೀರಿನೊಂದಿಗೆ ಹೋಗುತ್ತದೆ. ಮೇಲಾಗಿ ಸುರಪುರ ಸೀಮೆಯ ಮುಖ್ಯ ಊಟ ಜೋಳದ ರೊಟ್ಟಿ. ನಾರಾಯಣಪುರ ಕಾಲುವೆ ಬಂದ ಮೇಲೆ ಭತ್ತದ ಗದ್ದೆಗಳು ಹೆಚ್ಚಿರಬಹುದು, ಪಡಿತರದ ಅನ್ನವೂ ರೂಢಿಯಾಗಿರಬಹುದು, ಆದರೂ ರೊಟ್ಟಿ ರೊಟ್ಟಿಯೇ. ಮಗುವಿನ ಬೆನ್ನುಹುರಿ ಕಾಯಲು ಬೇಕಾದದ್ದು ದಿನಕ್ಕೆ 400 ಮೈಕ್ರೋಗ್ರಾಂ. ಅಕ್ಕಿ ಅದರ ಹತ್ತನೇ ಒಂದು ಪಾಲನ್ನೂ ಮುಟ್ಟುವುದಿಲ್ಲ. ದೇಶದ ಹದಿಹರೆಯದವರಲ್ಲಿ ಶೇ 37 ಮಂದಿಗೆ ಫೋಲೇಟ್ ಕೊರತೆ, ಶೇ 31 ಮಂದಿಗೆ ಬಿ12 ಕೊರತೆ ಎಂದು 2016–18ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆ ಹೇಳಿತ್ತು. ನಾಳೆ ತಾಯಂದಿರಾಗುವ ಹುಡುಗಿಯರೂ ಇವರಲ್ಲಿದ್ದಾರೆ.

ಎಲ್ಲರ ಮನೆಗೂ ಹೋಗುವ ವಸ್ತು ಉಪ್ಪು. ಅಯೋಡಿನ್ ಉಪ್ಪಿಗೆ ಫೋಲಿಕ್ ಆಮ್ಲ ಸೇರಿಸಿ ದಕ್ಷಿಣ ಭಾರತದ ಹಳ್ಳಿಗಳ ಮಹಿಳೆಯರಿಗೆ ಕೊಟ್ಟ ಸಣ್ಣ ಪ್ರಯೋಗವೊಂದರಲ್ಲಿ ಅವರ ರಕ್ತದ ಫೋಲೇಟ್ ಸ್ಪಷ್ಟವಾಗಿ ಏರಿತೆಂದು 2024ರಲ್ಲಿ ವರದಿಯಾಯಿತು. ಗಡಿಯಾಚೆಯ ಸಾಂಗ್ಲಿಯಲ್ಲಿ ಚಹಾಕ್ಕೆ ಫೋಲಿಕ್ ಆಮ್ಲ, ಬಿ12 ಎರಡನ್ನೂ ಬೆರೆಸಿ ನೋಡಿದ್ದಾರೆ. ರೊಟ್ಟಿ ಉಣ್ಣುವ ನಾಡಿಗೆ ಅಕ್ಕಿಗಿಂತ ಉಪ್ಪೇ ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ; ಬಿ12 ಅದರ ಜೊತೆಗಿರಬೇಕು.

ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ತೊಗರಿ, ಕಡಲೆ, ಹೆಸರು, ಶೇಂಗಾ, ಮೆಂತ್ಯದ ಸೊಪ್ಪು ಇಲ್ಲಿಯವೇ, ಫೋಲೇಟ್ ಇರುವಂಥವೇ. ಆದರೆ ಊಟವೊಂದನ್ನೇ ನಂಬಿ ಕೂರಬೇಡಿ. ಮುಟ್ಟು ನಿಂತು, ತಾಯಿ ಕಾರ್ಡ್ ಮಾಡಿಸಿ, ಮಾತ್ರೆ ಕೈಗೆ ಬರುವಷ್ಟರಲ್ಲಿ ಆ 28 ದಿನಗಳು ಮುಗಿದಿರುತ್ತವೆ. ಆದ್ದರಿಂದ ಮಗು ಬೇಕೆಂದಿರುವ ಹೆಣ್ಣುಮಕ್ಕಳು, ಹೊಸದಾಗಿ ಮದುವೆಯಾದವರು, ಗರ್ಭ ನಿಲ್ಲುವ ಮೊದಲೇ ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಕೇಂದ್ರವನ್ನೋ ಕೇಳಿ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆ ಶುರುಮಾಡಿ. ಹಿಂದೆ ಇಂಥ ದೋಷದ ಮಗು ಹುಟ್ಟಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ನಿಮಗೆ ಹೆಚ್ಚಿನ ಪ್ರಮಾಣ ಬೇಕಾಗುತ್ತದೆ. ಮತ್ತು ಅಕ್ಕಿ ಹಸನು ಮಾಡುವಾಗ ಆ ಹಳದಿ ಕಾಳನ್ನು ಚೆಲ್ಲಬೇಡಿ.