ಮೊದಲ ಪ್ರಾಜೆಕ್ಟ್ ಕಾರಿನ ಎಂಜಿನ್: ಏನು ಹಾಕಬೇಕು, ಏನು ಬಿಡಬೇಕು

ಹಳೆಯ ಕಾರೊಂದನ್ನು ಅಗ್ಗಕ್ಕೆ ಕೊಂಡು, ಬಿಡುವಿದ್ದಾಗ ಬಿಚ್ಚಿ ಜೋಡಿಸಿ, ಅದರ ಓಟ ಹೆಚ್ಚಿಸುವ ಹವ್ಯಾಸಕ್ಕೆ ಬಿದ್ದವರು ಆ ಕಾರನ್ನು ‘ಪ್ರಾಜೆಕ್ಟ್ ಕಾರು’ ಎನ್ನುತ್ತಾರೆ. ಬಿಡಿಭಾಗದ ಅಂಗಡಿಯಲ್ಲಿ ಹೊಸಬರು ಕೇಳುವ ಮೊದಲ ಪ್ರಶ್ನೆ ಬಹುಮಟ್ಟಿಗೆ ಒಂದೇ: ‘ಇದನ್ನು ಹಾಕಿದರೆ ಎಷ್ಟು ಬಿಎಚ್‌ಪಿ ಏರುತ್ತೆ?’ ನಿಜಕ್ಕೂ ಅದು ಮೂರನೆಯ ಪ್ರಶ್ನೆಯಾಗಬೇಕು. ಕಾರ್ಖಾನೆಯಿಂದ ಹೊರಬಂದಾಗ ಇದ್ದ ಬಲ ಎಂಜಿನ್‌ನಲ್ಲಿ ಈಗಲೂ ಉಳಿದಿದೆಯೇ ಎಂಬುದು ಮೊದಲನೆಯದು. ನಮಗೆ ಬಲ ಬೇಕಾಗಿರುವುದು ಯಾವ ಆರ್‌ಪಿಎಂನಲ್ಲಿ, ಯಾವ ರಸ್ತೆಯಲ್ಲಿ ಎಂಬುದು ಎರಡನೆಯದು. ಇವೆರಡಕ್ಕೆ ಉತ್ತರ ಸಿಕ್ಕರೆ ಕೊಳ್ಳಬೇಕೆಂದುಕೊಂಡ ಸಾಮಾನಿನ ಪಟ್ಟಿ ಅರ್ಧಕ್ಕೆ ಇಳಿಯುತ್ತದೆ.

ಮಾತು ಗಾಳಿಯಲ್ಲಿ ತೇಲದಿರಲು ಒಂದು ಎಂಜಿನ್ನನ್ನೇ ಮುಂದಿಟ್ಟುಕೊಳ್ಳೋಣ. ಅದು ಸುಜುಕಿಯ ಜಿ13: 1298 ಸಿಸಿ, ನಾಲ್ಕು ಸಿಲಿಂಡರ್, 74 ಮಿಮೀ ಬೋರ್, 75.5 ಮಿಮೀ ಸ್ಟ್ರೋಕ್. 1994ರ ಮಾರುತಿ ಎಸ್ಟೀಮ್, ಆಮೇಲಿನ ಜಿಪ್ಸಿ ಕಿಂಗ್, 2005ರ ಮೊದಲ ತಲೆಮಾರಿನ ಪೆಟ್ರೋಲ್ ಸ್ವಿಫ್ಟ್, ಈ ಮೂರರ ಬಾನೆಟ್ ಕೆಳಗೂ ಇದೇ ವಂಶದ ಎಂಜಿನ್ ಇತ್ತು. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಮತ್ತು ಕೊಯಮತ್ತೂರಿನ ಕರಿ ಸ್ಪೀಡ್‌ವೇಗಳಲ್ಲಿ ಎಸ್ಟೀಮ್ ವರ್ಷಗಟ್ಟಲೆ ರೇಸ್ ಓಡಿದೆ. ಹಾಗಾಗಿ ಇದರ ಒಳಹೊರಗು ಬಲ್ಲ ಮೆಕ್ಯಾನಿಕ್‌ಗಳು ದಕ್ಷಿಣ ಭಾರತದಲ್ಲಿ ಧಾರಾಳವಾಗಿ ಸಿಗುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸ ಬಿಡಿಭಾಗ, ಶಿವಾಜಿನಗರದ ಗುಜರಿಯಲ್ಲಿ ಹಳೆಯದು ಹುಡುಕಬಹುದು. ಕಲಿಯುವವರಿಗೆ ಬೇಕಾದದ್ದು ಇಂಥದ್ದೇ: ಸರಳ ರಚನೆ, ಸುಲಭಕ್ಕೆ ಸಿಗುವ ಸಾಮಾನು, ತಪ್ಪಿದರೆ ತಿದ್ದಬಲ್ಲ ಕೈಗಳು.

ಬಲ ಎಲ್ಲಿಂದ ಬರುತ್ತದೆ

ಪೆಟ್ರೋಲ್ ಎಂಜಿನ್ ಮೂಲತಃ ಗಾಳಿ ಎಳೆದು ಹೊರದಬ್ಬುವ ಪಂಪು. ಎರಡು ಸುತ್ತಿಗೊಮ್ಮೆ ನಾಲ್ಕೂ ಸಿಲಿಂಡರ್‌ಗಳು ಒಂದೊಂದು ಸಲ ಗಾಳಿ ತುಂಬಿಕೊಳ್ಳುತ್ತವೆ. 1.3 ಲೀಟರ್ ಎಂಜಿನ್ 6000 ಆರ್‌ಪಿಎಂನಲ್ಲಿ ಪೂರ್ತಿ ಉಸಿರೆಳೆದರೆ ನಿಮಿಷಕ್ಕೆ ಸುಮಾರು 3,900 ಲೀಟರ್ ಗಾಳಿ ಒಳಹೋಗಬೇಕು. ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಗ್ರಾಂ ಗಾಳಿ ಬೇಕು. ಪೆಟ್ರೋಲ್ ಹೆಚ್ಚು ಸುರಿಯುವುದು ಸುಲಭ, ಹೆಚ್ಚು ಗಾಳಿ ನುಗ್ಗಿಸುವುದೇ ಕಷ್ಟ. ಎಂಜಿನ್ ಬಲ ಹೆಚ್ಚಿಸುವ ಉಪಾಯಗಳೆಲ್ಲ ಕೊನೆಗೆ ಮೂರೇ ಬಗೆ: ಹೆಚ್ಚು ಗಾಳಿ ಒಳಸೇರಿಸುವುದು, ಸೇರಿದ್ದನ್ನು ಚೆನ್ನಾಗಿ ಉರಿಸುವುದು, ಹುಟ್ಟಿದ ಬಲ ದಾರಿಯಲ್ಲಿ ಸೋರದಂತೆ ನೋಡಿಕೊಳ್ಳುವುದು.

ಮೊದಲ ಸ್ವಿಫ್ಟ್‌ನ ಪೆಟ್ರೋಲ್ ಎಂಜಿನ್ 6000 ಆರ್‌ಪಿಎಂನಲ್ಲಿ 87 ಬಿಎಚ್‌ಪಿ ಬಲವನ್ನೂ 4500ರಲ್ಲಿ 113 ಎನ್ಎಂ ಟಾರ್ಕನ್ನೂ ಕೊಡುತ್ತಿತ್ತು. ಟಾರ್ಕ್ ಎಂದರೆ ತಿರುಚುವ ಶಕ್ತಿ. ಅದನ್ನು ಸುತ್ತುವ ವೇಗದಿಂದ ಗುಣಿಸಿದರೆ ಬರುವುದು ಬಿಎಚ್‌ಪಿ. 2500 ಆರ್‌ಪಿಎಂನಲ್ಲಿ ಇದೇ ಎಂಜಿನ್ 87ರ ಅರ್ಧವನ್ನೂ ಕೊಡಲಾರದು. ಊರೊಳಗಿನ ಓಡಾಟ ನಡೆಯುವುದು ಅಲ್ಲೇ. 6000ದ ಮೇಲೆ ಹತ್ತು ಬಿಎಚ್‌ಪಿ ಸೇರಿಸಿ 2500ರಲ್ಲಿ ಟಾರ್ಕ್ ತಗ್ಗಿಸುವ ಮಾರ್ಪಾಡು ಕಾಗದದ ಮೇಲೆ ಗೆಲುವು, ಸಿಗ್ನಲ್‌ನಲ್ಲಿ ಸೋಲು.

ಗಾಳಿಯ ಮಹತ್ವ ತಿಳಿಯಲು ಏನನ್ನೂ ಕೊಳ್ಳಬೇಕಾಗಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಶೇ 10ರಷ್ಟು ಕಡಿಮೆ. ಕರಾವಳಿಯ ಸೆಕೆಯನ್ನು ಲೆಕ್ಕಕ್ಕೆ ಹಿಡಿದರೂ ಶಿರಾಡಿ ಘಾಟಿ ಇಳಿದು ಮಂಗಳೂರು ತಲುಪಿದ ಕಾರಿನ ಎಂಜಿನ್‌ಗೆ ಶೇ 8ರಷ್ಟು ದಟ್ಟವಾದ ಗಾಳಿ ಸಿಗುತ್ತದೆ. ಅಂಗಡಿಯ ಡಬ್ಬಿಯಲ್ಲಿ ಸಿಗುವ ಅನೇಕ ಭಾಗಗಳು ಇಷ್ಟನ್ನೂ ಕೊಡುವುದಿಲ್ಲ.

ಮೊದಲು ಕಳೆದುಕೊಂಡದ್ದನ್ನು ಮರಳಿ ಪಡೆಯಿರಿ

ಹದಿನೈದು ಇಪ್ಪತ್ತು ವರ್ಷ ಓಡಿದ ಎಂಜಿನ್‌ನಲ್ಲಿ ಹುಟ್ಟಿನ ಬಲ ಪೂರ್ತಿ ಉಳಿದಿರುವುದು ಅಪರೂಪ. ಆದ್ದರಿಂದ ಮೊದಲ ಖರ್ಚು ಕಂಪ್ರೆಷನ್ ಪರೀಕ್ಷೆಗೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಅದರ ಜಾಗದಲ್ಲಿ ಗೇಜ್ ಕೂರಿಸಿ, ಥ್ರಾಟಲ್ ಪೂರ್ತಿ ತೆರೆದು ಸ್ಟಾರ್ಟರ್ ತಿರುಗಿಸಿದರೆ ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಹಿಡಿದಿಡುತ್ತದೆಂದು ತಿಳಿಯುತ್ತದೆ. ನಾಲ್ಕರ ನಡುವೆ ಶೇ 10ಕ್ಕಿಂತ ಹೆಚ್ಚು ಅಂತರವಿದ್ದರೆ ಎಚ್ಚರ. ಕಡಿಮೆ ತೋರಿಸಿದ ಸಿಲಿಂಡರ್‌ಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಒತ್ತಡ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಸೋರುತ್ತಿದೆ. ರಿಂಗ್ ಸವೆದ ಎಂಜಿನ್‌ಗೆ ದುಬಾರಿ ಎಕ್ಸಾಸ್ಟ್ ಹಾಕುವುದು ದುಡ್ಡು ದಂಡ.

ಕಂಪ್ರೆಷನ್ ಸರಿಯಿದ್ದರೆ ಪ್ಲಗ್, ಪ್ಲಗ್ ವೈರ್, ಇಂಧನ ಫಿಲ್ಟರ್, ಆಯಿಲ್, ಕೂಲೆಂಟ್ ಬದಲಿಸಿ. ವಾಲ್ವ್ ಕ್ಲಿಯರೆನ್ಸ್ ಹೊಂದಿಸಿ. ಜಿ13ರ ಕ್ಯಾಮ್ ಶಾಫ್ಟನ್ನು ತಿರುಗಿಸುವುದು ರಬ್ಬರ್ ಟೈಮಿಂಗ್ ಬೆಲ್ಟ್. ಅದನ್ನು ಹಿಂದಿನ ಮಾಲೀಕರು ಯಾವಾಗ ಬದಲಿಸಿದರೆಂದು ಗೊತ್ತಿಲ್ಲದಿದ್ದರೆ ಕೂಡಲೇ ಹೊಸದು ಹಾಕಿ. ರೇಡಿಯೇಟರ್ ಮತ್ತು ಎಂಜಿನ್ ಮೌಂಟ್‌ಗಳನ್ನೂ ನೋಡಿ. ಇಷ್ಟಾದ ಮೇಲೆ ಕಾರು ಎಷ್ಟೋ ಸಲ ಹೊಸದರಂತೆ ಎದ್ದು ಓಡುತ್ತದೆ. ಯಾರೂ ಇದನ್ನು ‘ಅಪ್‌ಗ್ರೇಡ್’ ಎನ್ನುವುದಿಲ್ಲ, ಆದರೆ ರೂಪಾಯಿಗೆ ಅತಿ ಹೆಚ್ಚು ಬಲ ಕೊಡುವ ಕೆಲಸ ಇದೇ.

ಫಿಲ್ಟರ್ ಮತ್ತು ಎಕ್ಸಾಸ್ಟ್

ಹೊಸಬರು ಮೊದಲು ಕೈಹಾಕುವುದು ಏರ್ ಫಿಲ್ಟರ್‌ಗೆ. ಕಂಪನಿಯ ಡಬ್ಬಿಯೊಳಗೇ ಕೂರುವ, ತೊಳೆದು ಮತ್ತೆ ಬಳಸುವ ಫಿಲ್ಟರ್‌ನಿಂದ ಈ ಗಾತ್ರದ ಎಂಜಿನ್‌ಗೆ ಒಂದೆರಡು ಬಿಎಚ್‌ಪಿಗಿಂತ ಹೆಚ್ಚು ನಿರೀಕ್ಷಿಸಬೇಡಿ. ಡಬ್ಬಿಯನ್ನೇ ಕಿತ್ತು ಬಾನೆಟ್ ಕೆಳಗೆ ತೆರೆದಿಡುವ ಕೋನ್ ಫಿಲ್ಟರ್ ಇನ್ನೂ ಮೋಸದ್ದು. ಗಾಳಿ 3 ಡಿಗ್ರಿ ಬಿಸಿಯೇರಿದರೆ ಅದರ ಸಾಂದ್ರತೆ ಸುಮಾರು ಶೇ 1 ಇಳಿಯುತ್ತದೆ. ಹೊರಗೆ 30 ಡಿಗ್ರಿ, ಬಾನೆಟ್ ಒಳಗೆ 60 ಡಿಗ್ರಿ ಇದ್ದರೆ ಬಿಸಿಗಾಳಿ ಕುಡಿದ ಎಂಜಿನ್ ಶೇ 9–10ರಷ್ಟು ಗಾಳಿಯನ್ನು ಕಳೆದುಕೊಳ್ಳುತ್ತದೆ. ಸದ್ದು ಮಾತ್ರ ಜೋರಾಗುತ್ತದೆ, ಸದ್ದನ್ನು ಬಲವೆಂದು ಕಿವಿ ನಂಬುತ್ತದೆ.

ಎಕ್ಸಾಸ್ಟ್‌ನಲ್ಲಿ ವಿಷಯ ಕೊಂಚ ಆಳವಾಗಿದೆ. ಸಿಲಿಂಡರ್‌ನಿಂದ ಹೊರಟ ಹೊಗೆ ಕೊಳವೆಯಲ್ಲಿ ವೇಗವಾಗಿ ಸಾಗಿದಾಗ ಅದರ ಹಿಂದೆ ಒತ್ತಡ ತಗ್ಗುತ್ತದೆ. ಆ ತಗ್ಗು ಮುಂದಿನ ಸಿಲಿಂಡರ್‌ನ ಹೊಗೆಯನ್ನು ಎಳೆದುಕೊಳ್ಳುತ್ತದೆ. ಒಲೆಯ ಮೇಲಿನ ಹೊಗೆಗೂಡು ಕಿರಿದಾಗಿ ಎತ್ತರಕ್ಕಿದ್ದರೆ ಹೊಗೆ ಸರಾಗವಾಗಿ ಏರುತ್ತದೆ, ಬಾಯಿ ಅಗಲ ಮಾಡಿದಷ್ಟೂ ಮನೆ ತುಂಬುತ್ತದೆ. ಇಲ್ಲಿನ ನ್ಯಾಯವೂ ಅದೇ. ‘ಕೊಳವೆ ದಪ್ಪವಾದಷ್ಟೂ ಒಳ್ಳೆಯದು’ ಎಂಬುದು ಅರ್ಧಸತ್ಯ. ಟರ್ಬೊ ಇಲ್ಲದ 1.3 ಲೀಟರ್ ಎಂಜಿನ್‌ಗೆ ಎರಡು ಇಂಚಿನ ಕೊಳವೆ ಧಾರಾಳವಾಯಿತು. ನಾಲ್ಕು ಕೊಳವೆ ಎರಡಾಗಿ, ಎರಡು ಒಂದಾಗಿ ಸೇರುವ 4-2-1 ಹೆಡರ್ ನಡುವಿನ ಆರ್‌ಪಿಎಂಗಳಲ್ಲಿ ಟಾರ್ಕ್ ಕಾಯುತ್ತದೆ. ನಾಲ್ಕೂ ಒಂದೇ ಕಡೆ ಸೇರುವ 4-1 ಹೆಡರ್ ಮೇಲಿನ ಆರ್‌ಪಿಎಂಗೆ ಒಲಿಯುತ್ತದೆ. ರಸ್ತೆಯ ಕಾರಿಗೆ ಮೊದಲನೆಯದೇ ಸರಿ. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಹಾಕುವ ಸಲಹೆ ಬಂದರೆ ಒಪ್ಪಬೇಡಿ. ಇಂಗಾಲದ ಮಾನಾಕ್ಸೈಡಿನಂಥ ವಿಷವನ್ನು ತಗ್ಗಿಸುವ ಭಾಗ ಅದು.

ಇಸಿಯು ಮತ್ತು ಇಂಧನ

ಎಷ್ಟು ಪೆಟ್ರೋಲ್ ಚಿಮ್ಮಿಸಬೇಕು, ಯಾವ ಕ್ಷಣದಲ್ಲಿ ಕಿಡಿ ಹೊತ್ತಿಸಬೇಕು ಎಂದು ತೀರ್ಮಾನಿಸುವುದು ಇಸಿಯು ಎಂಬ ಪುಟ್ಟ ಕಂಪ್ಯೂಟರ್. ಅದರೊಳಗಿನ ಲೆಕ್ಕದ ಕೋಷ್ಟಕವನ್ನು ತಿದ್ದುವುದೇ ರೀಮ್ಯಾಪ್. ಟರ್ಬೊ ಇಲ್ಲದ ಎಂಜಿನ್‌ನಲ್ಲಿ ಇದರ ಲಾಭ ಸಣ್ಣದು, ಶೇ 5ರ ಆಸುಪಾಸು. ಟರ್ಬೊ ಎಂಜಿನ್‌ನಲ್ಲಿ ಗಾಳಿಯ ಒತ್ತಡವನ್ನೇ ಏರಿಸಬಹುದಾದ್ದರಿಂದ ಶೇ 20–30ರವರೆಗೂ ಬಲ ಹೆಚ್ಚುತ್ತದೆ. ಆದರೆ ಅಲ್ಲಿ ಗೇರ್‌ಬಾಕ್ಸಿನ ಮಿತಿ ಅಡ್ಡ ನಿಲ್ಲುತ್ತದೆ. ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್ಐ ಕಾರಿನ 1.2 ಲೀಟರ್ ಟರ್ಬೊ ಎಂಜಿನ್ ಕೊಡುತ್ತಿದ್ದುದು 175 ಎನ್ಎಂ ಟಾರ್ಕ್. ಅದರ ಏಳು ಗೇರ್‌ಗಳ ಡಿಎಸ್‌ಜಿ ಪೆಟ್ಟಿಗೆ ತಾಳುವ ಮಿತಿ 250 ಎನ್ಎಂ. ರೀಮ್ಯಾಪ್ ಮಾಡುವವರು ಎಷ್ಟು ಏರಿಸುತ್ತೇವೆ ಎನ್ನುವುದರ ಜೊತೆಗೆ ಎಲ್ಲಿ ನಿಲ್ಲಿಸುತ್ತೇವೆ ಎಂದೂ ಹೇಳಬೇಕು. ಹೇಳದವರ ಬಳಿ ಕಾರು ಬಿಡಬೇಡಿ.

ಇಂಧನವೂ ಬದಲಾಗಿದೆ. ಈಗ ಬಂಕುಗಳಲ್ಲಿ ಸಿಗುವ ಇ20 ಪೆಟ್ರೋಲ್‌ನಲ್ಲಿ ಶೇ 20 ಎಥೆನಾಲ್ ಇದೆ. ಎಥೆನಾಲ್ ತನ್ನೊಳಗೇ ಆಮ್ಲಜನಕ ಹೊತ್ತಿರುವುದರಿಂದ ಗಾಳಿ–ಇಂಧನದ ಸರಿಯಾದ ಅನುಪಾತ 14.7ರಿಂದ ಸುಮಾರು 13.5ಕ್ಕೆ ಇಳಿಯುತ್ತದೆ. ನಿಧಾನ ಓಟದಲ್ಲಿ ಆಕ್ಸಿಜನ್ ಸೆನ್ಸರ್ ನೋಡಿ ಇಸಿಯು ಈ ವ್ಯತ್ಯಾಸ ಸರಿದೂಗಿಸುತ್ತದೆ. ಆಕ್ಸಲರೇಟರ್ ಪೂರ್ತಿ ತುಳಿದಾಗ ಹಳೆಯ ಇಸಿಯು ಸೆನ್ಸರ್‌ನ ಮಾತು ಬಿಟ್ಟು ಕೋಷ್ಟಕವನ್ನೇ ನಂಬುತ್ತದೆ. ಮಿಶ್ರಣದಲ್ಲಿ ಇಂಧನ ಕೊರೆಯಾಗಿ ಬಿಸಿ ಏರುವುದು ಆಗಲೇ. ಹೆಡರ್, ಫಿಲ್ಟರ್ ಹಾಕಿ ಗಾಳಿ ಹೆಚ್ಚಿಸಿದ ಕಾರಿನಲ್ಲಿ ಈ ಕೊರತೆ ಇನ್ನಷ್ಟಾಗಬಹುದು. ಆದ್ದರಿಂದ ಮಿಶ್ರಣವನ್ನು ಅಂಕಿಯಲ್ಲಿ ತೋರಿಸುವ ವೈಡ್‌ಬ್ಯಾಂಡ್ ಸೆನ್ಸರ್ ಕೊಳ್ಳುವುದು ಮತ್ತೊಂದು ಬಿಡಿಭಾಗಕ್ಕಿಂತ ಮೇಲು. ಹಳೆಯ ಕಾರಿನ ಇಂಧನ ಕೊಳವೆ, ಸೀಲುಗಳು ಎಥೆನಾಲ್‌ಗೆಂದು ಮಾಡಿದವಲ್ಲ, ಅವನ್ನೂ ಬದಲಿಸಿ.

ದೂರವಿಡಬೇಕಾದವು

ಹೆಚ್ಚು ಹೊತ್ತು ವಾಲ್ವ್ ತೆರೆದಿಡುವ ರೇಸ್ ಕ್ಯಾಮ್ ಬಲವನ್ನು ಮೇಲಿನ ಆರ್‌ಪಿಎಂಗೆ ಒಯ್ಯುತ್ತದೆ. ಐಡಲ್‌ನಲ್ಲಿ ಎಂಜಿನ್ ನಡುಗುತ್ತದೆ, ಕೆಳಗಿನ ಟಾರ್ಕ್ ಸೊರಗುತ್ತದೆ. ಹೆಡ್ ಉಜ್ಜಿಸಿ ಕಂಪ್ರೆಷನ್ ಏರಿಸಿದರೆ ಕಿಡಿಯಿಂದ ಹೊತ್ತಿದ ಜ್ವಾಲೆ ತಲುಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಸಿಡಿಯುವ ‘ನಾಕಿಂಗ್’ ಶುರುವಾಗಬಹುದು. ಪಿಸ್ಟನ್ ಒಡೆಯಲು ಅದೊಂದೇ ಸಾಕು. ಟರ್ಬೊ ಇಲ್ಲದ ಎಂಜಿನ್‌ಗೆ ಟರ್ಬೊ ಕಟ್ಟಲು ಹೊರಟರೆ ಇಂಜೆಕ್ಟರ್, ಇಂಟರ್‌ಕೂಲರ್, ಕ್ಲಚ್, ಇಸಿಯು ಎಲ್ಲವೂ ಬದಲಾಗಬೇಕು. 993 ಸಿಸಿಯ ಝೆನ್‌ಗೆ ಎಸ್ಟೀಮ್‌ನ 1.3 ಎಂಜಿನ್ ಕೂರಿಸುವುದು ರ‍್ಯಾಲಿ ಬಳಗದಲ್ಲಿ ಹೆಸರುವಾಸಿಯಾದ ಕಸುಬು. ಅದು ಟ್ರ್ಯಾಕಿಗೆ, ರ‍್ಯಾಲಿಗೆ ಸರಿ, ಮೊದಲ ಕಾರಿಗಲ್ಲ.

ಇದೇ ಹಣವನ್ನು ಬ್ರೇಕ್ ಮತ್ತು ಟೈರಿಗೆ ಹಾಕಿದರೆ ಕಾರು ನಿಜಕ್ಕೂ ವೇಗವಾಗುತ್ತದೆ. ವೇಗ 100ರಿಂದ 120ಕ್ಕೇರಿದರೆ ಬ್ರೇಕ್ ತಡೆಯಬೇಕಾದ ಶಕ್ತಿ ಶೇ 44 ಹೆಚ್ಚುತ್ತದೆ. ತೂಕದ ಲೆಕ್ಕವೂ ಹೀಗೇ: ಸಾವಿರ ಕೆಜಿಯ ಆಸುಪಾಸಿನ ಕಾರಿನಿಂದ 50 ಕೆಜಿ ಇಳಿಸುವುದು ನಾಲ್ಕೈದು ಬಿಎಚ್‌ಪಿ ಸೇರಿಸಿದ್ದಕ್ಕೆ ಸಮ. ಡಿಕ್ಕಿಯ ದೊಡ್ಡ ಸ್ಪೀಕರ್ ಪೆಟ್ಟಿಗೆ, ಭಾರದ ದೊಡ್ಡ ಚಕ್ರಗಳು ಇದರ ವಿರುದ್ಧ ದಿಕ್ಕಿನಲ್ಲಿ ಎಳೆಯುತ್ತವೆ.

ಕಾನೂನು ಏನೆನ್ನುತ್ತದೆ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ನಮೂದಿಸಿದ ಹಾಗೂ ಆರ್‌ಸಿಯಲ್ಲಿ ದಾಖಲಾದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಿಸಲು ಆರ್‌ಟಿಒ ತಪಾಸಣೆ ಆಗಲೇಬೇಕು; ಎಂಜಿನ್ ಸಂಖ್ಯೆ ಹೊಂದದ ಕಾರು ಅಲ್ಲಿ ಸಿಕ್ಕಿಬೀಳುತ್ತದೆ. ವಿಮೆಗೂ ತೊಡಕು. ಇನ್ನೂ ಮುಂದೆ ಹೋಗುವ ಆಸೆಯಿದ್ದರೆ ಕಾರನ್ನು ಟ್ರ್ಯಾಕಿಗೇ ಮೀಸಲಿಟ್ಟು ಸ್ಪರ್ಧೆಯ ನಿಯಮಗಳ ಪ್ರಕಾರ ಕಟ್ಟುವುದು ಸರಿಯಾದ ದಾರಿ.

ಹಾಗಾದರೆ ಕ್ರಮ ಯಾವುದು?

ಮೊದಲು ಎಂಜಿನ್ನಿನ ಆರೋಗ್ಯ, ಆಮೇಲೆ ಟೈರು ಮತ್ತು ಬ್ರೇಕು, ನಂತರ ತೂಕ. ಕಾನೂನಿನ ಮಿತಿಯೊಳಗೆ ಫಿಲ್ಟರ್, ಹೆಡರ್, ಅವಕ್ಕೆ ಹೊಂದುವ ರೀಮ್ಯಾಪ್ ಕೊನೆಗೆ; ಮಾಡುವುದಾದರೆ ಮೂರನ್ನೂ ಒಟ್ಟಿಗೇ ಯೋಚಿಸಿ ಮಾಡಿ. ಪ್ರತಿ ಹಂತಕ್ಕೆ ಮುಂಚೆ ಒಮ್ಮೆ, ನಂತರ ಒಮ್ಮೆ ಅಳೆಯಿರಿ. ಡೈನೊ ಯಂತ್ರದಲ್ಲಿ ಅಳೆಯುವುದಾದರೆ ಅದೇ ಯಂತ್ರ, ಅದೇ ಇಂಧನ, ಸಾಧ್ಯವಾದರೆ ಅದೇ ದಿನ. ಚಕ್ರದಲ್ಲಿ ಸಿಗುವ ಅಂಕಿ ಕಂಪನಿ ಹೇಳಿದ ಅಂಕಿಗಿಂತ ಶೇ 15ರಷ್ಟು ಕಡಿಮೆ ಬಂದರೆ ಗಾಬರಿ ಬೇಡ; ಗೇರ್‌ಬಾಕ್ಸ್, ಆಕ್ಸಲ್, ಟೈರುಗಳು ತಿನ್ನುವ ಪಾಲು ಅದು. ಬಿಚ್ಚಿದ ಮೂಲ ಭಾಗ ಒಂದನ್ನೂ ಮಾರಬೇಡಿ. ಮರಳಿ ಜೋಡಿಸಲಾಗದ ಯಾವ ಕೆಲಸವನ್ನೂ ಮೊದಲ ಕಾರಿನ ಮೇಲೆ ಮಾಡಬೇಡಿ.