ಏರಿನಲ್ಲಿ ನಿಂತ ಆಟೊಮ್ಯಾಟಿಕ್ ಕಾರು

ಬೆಂಗಳೂರಿನ ಹೆಬ್ಬಾಳ ಮೇಲ್ಸೇತುವೆಯ ಏರಿನಲ್ಲಿ ಸಾಲುಗಟ್ಟಿ ನಿಂತ ಕಾರುಗಳ ಹಿಂಬದಿಯನ್ನೊಮ್ಮೆ ಗಮನಿಸಿ. ಮಿಕ್ಕೆಲ್ಲದರ ಬ್ರೇಕ್ ದೀಪ ಉರಿಯುತ್ತಿರುವಾಗ ಯಾವುದೋ ಒಂದೆರಡು ಕಾರಿನದು ಮಾತ್ರ ಆರಿರುತ್ತದೆ. ಆದರೂ ಕಾರು ಹಿಂದಕ್ಕೆ ಜಾರುವುದಿಲ್ಲ. ಇದ್ದಲ್ಲೇ ಒಂದು ಗೇಣು ಮುಂದೆ, ಒಂದು ಗೇಣು ಹಿಂದೆ ತೊನೆಯುತ್ತಿರುತ್ತದೆ. ಹ್ಯಾಂಡ್‌ಬ್ರೇಕ್ ಹಾಕಿದ ಕಾರು ಹೀಗೆ ತೊನೆಯುವುದಿಲ್ಲ. ಒಳಗೆ ಕೂತವರು ಆಕ್ಸಿಲರೇಟರನ್ನು ಅಷ್ಟಷ್ಟೇ ಒತ್ತಿ, ಎಂಜಿನ್ನಿನ ಬಲದಿಂದಲೇ ಕಾರನ್ನು ಏರಿನಲ್ಲಿ ಹಿಡಿದು ನಿಲ್ಲಿಸಿದ್ದಾರೆ. ಎರಡೇ ಪೆಡಲ್ ಇರುವ ಕಾರಿನಲ್ಲಿ ಈ ರೂಢಿ ಬಲು ಸಲೀಸಾಗಿ ಅಂಟಿಕೊಳ್ಳುತ್ತದೆ. ದಯವಿಟ್ಟು ಇದನ್ನು ಬಿಡಿ ಎಂದು ಹೇಳಲಿಕ್ಕೇ ಈ ಲೇಖನ.

ಪೆಟ್ರೋಲ್ ಎಂಜಿನ್ ಸುಮ್ಮನಿದ್ದಾಗಲೂ ನಿಮಿಷಕ್ಕೆ 700–800 ಸುತ್ತು ತಿರುಗುತ್ತಲೇ ಇರಬೇಕು, ಇಲ್ಲದಿದ್ದರೆ ಆಫ್ ಆಗುತ್ತದೆ. ಚಕ್ರಗಳೋ ನಿಂತಿವೆ. ಗೇರ್ ಬಿದ್ದಿರುವಾಗ ತಿರುಗುವ ಎಂಜಿನ್ ಮತ್ತು ನಿಂತ ಚಕ್ರದ ನಡುವೆ ಏನಾದರೊಂದು ಜಾರಲೇಬೇಕು. ಆ ಜಾರುವ ವಸ್ತು ಯಾವುದು ಎಂಬುದು ಕಾರಿನಿಂದ ಕಾರಿಗೆ ಬೇರೆ.

2014ರಲ್ಲಿ ಮಾರುತಿ ಸುಜುಕಿ ಸೆಲೆರಿಯೊ ಜೊತೆಗೆ ನಮ್ಮಲ್ಲಿ ಮನೆಮಾತಾದ ಎಎಂಟಿಯನ್ನೇ ನೋಡಿ. ಹೆಸರಿಗೆ ಆಟೊಮ್ಯಾಟಿಕ್ ಆದರೂ ಒಳಗಿರುವುದು ಮಾಮೂಲಿ ಗೇರ್‌ಬಾಕ್ಸ್, ಮಾಮೂಲಿ ಒಣ ಕ್ಲಚ್ ಪ್ಲೇಟ್. ನಮ್ಮ ಎಡಗಾಲು ಮಾಡುತ್ತಿದ್ದ ಕೆಲಸವನ್ನು ಕಂಪ್ಯೂಟರಿನ ಅಪ್ಪಣೆಯಂತೆ ಒಂದು ಯಂತ್ರ ಮಾಡುತ್ತದೆ, ಅಷ್ಟೇ. ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆಯಲ್ಲಿ, ಜನರೂ ಸೇರಿ 1,200 ಕಿಲೋ ತೂಗುವ ಕಾರನ್ನು ಇಳಿಜಾರು ಸುಮಾರು 60 ಕಿಲೋ ಭಾರದಷ್ಟು ಬಲದಿಂದ ಹಿಂದಕ್ಕೆಳೆಯುತ್ತದೆ. ಮೊದಲ ಗೇರಿನಲ್ಲಿ, ಎಂಜಿನ್ ಸಾವಿರ ಸುತ್ತು ತಿರುಗುತ್ತಿರುವಾಗ ಕ್ಲಚ್ಚನ್ನು ಉಜ್ಜಿಸುತ್ತಲೇ ಆ ಎಳೆತವನ್ನು ತಡೆದರೆ, ಹುಟ್ಟುವ ಶಾಖ ಹತ್ತಿರ ಹತ್ತಿರ 1,200 ವಾಟ್. ಅಂದರೆ ಮನೆಯ ಇಸ್ತ್ರಿ ಪೆಟ್ಟಿಗೆಯೊಂದನ್ನು ಆನ್ ಮಾಡಿ ಕ್ಲಚ್ಚಿನ ಮೇಲೆ ಇಟ್ಟಂತೆ. ಪ್ಲೇಟ್ ಕಾದುಹೋಗಲು ಎರಡು ನಿಮಿಷದ ಸಿಗ್ನಲ್ ಧಾರಾಳ ಸಾಕು. ಸುಟ್ಟ ವಾಸನೆ ಮೂಗಿಗೆ ಬರುವ ಹೊತ್ತಿಗೆ ಪ್ಲೇಟಿನ ಒಂದಷ್ಟು ಆಯಸ್ಸು ಮುಗಿದಿರುತ್ತದೆ.

ಅದೇ ಭಾರವನ್ನು ಬ್ರೇಕ್ ಹೇಗೆ ಹೊರುತ್ತದೆ? ಡಿಸ್ಕನ್ನು ಪ್ಯಾಡುಗಳು ಅದುಮಿ ಹಿಡಿಯುತ್ತವೆ, ಡಿಸ್ಕ್ ತಿರುಗುವುದೇ ಇಲ್ಲ. ಜಾರದೆ ಉಜ್ಜಾಟವಿಲ್ಲ, ಉಜ್ಜಾಟವಿಲ್ಲದೆ ಶಾಖವಿಲ್ಲ. ಭೌತಶಾಸ್ತ್ರದ ಲೆಕ್ಕದಲ್ಲಿ ಬಲ ಎಷ್ಟಿದ್ದರೂ ಚಲನೆ ಸೊನ್ನೆಯಾದರೆ ಕೆಲಸವೂ ಸೊನ್ನೆ. ಅರ್ಧ ಗಂಟೆ ನಿಂತರೂ ಪ್ಯಾಡ್ ಒಂದು ಎಳೆಯಷ್ಟೂ ಸವೆಯುವುದಿಲ್ಲ.

ಬ್ರೇಕನ್ನು ಒತ್ತುವುದಾದರೆ ಗಟ್ಟಿಯಾಗಿಯೇ ಒತ್ತಬೇಕು. ಎರಡು ಕ್ಲಚ್ಚಿನ ಡಿಸಿಟಿ ಕಾರುಗಳಲ್ಲಿ ಇದು ಮುಖ್ಯ. ಪೆಡಲ್ ಚೆನ್ನಾಗಿ ಅದುಮಿದಾಗ ಕಂಪ್ಯೂಟರ್ ಕ್ಲಚ್ಚನ್ನು ಪೂರ್ತಿ ಬಿಡಿಸುತ್ತದೆ. ಅರೆಬರೆ ಒತ್ತಿ, ಮುಂದಿನ ಕಾರಿನ ಬಾಲ ಹಿಡಿದು ಅಡಿ ಅಡಿಯಾಗಿ ತೆವಳಿದರೆ ಕ್ಲಚ್ ಅತ್ತ ಕೂಡದು, ಇತ್ತ ಬಿಡದು. ಒಣ ಕ್ಲಚ್ಚಿನ ಡಿಸಿಟಿಗಳು ನಗರದ ಜಾಮಿನಲ್ಲಿ ಕಾದು ಎಚ್ಚರಿಕೆಯ ದೀಪ ತೋರಿಸುವುದು ಹೀಗೆ. ಮುಂದೆ ಒಂದು ಕಾರಿನಷ್ಟು ಜಾಗ ತೆರವಾಗುವವರೆಗೆ ಕಾದು, ಆಮೇಲೆ ಒಟ್ಟಿಗೆ ಸಾಗುವುದು ಜಾಣತನ. ಆ ಜಾಗದಲ್ಲಿ ಸ್ಕೂಟರೊಂದು ನುಗ್ಗಿದರೆ ನುಗ್ಗಲಿ ಬಿಡಿ.

ಟಾರ್ಕ್ ಕನ್ವರ್ಟರ್ ಇರುವ ಹಳೆಯ ಬಗೆಯ ಆಟೊಮ್ಯಾಟಿಕ್ ಇಷ್ಟು ಸೂಕ್ಷ್ಮವಲ್ಲ. ಜರ್ಮನಿಯ ಹೆರ್ಮಾನ್ ಫ್ಯೋಟಿಂಗರ್ 1905ರಲ್ಲಿ ಇದರ ಮೂಲ ತತ್ವಕ್ಕೆ ಪೇಟೆಂಟ್ ಪಡೆದದ್ದು ಹಡಗಿಗಾಗಿ. ಭರದಿಂದ ಸುತ್ತುವ ಉಗಿ ಟರ್ಬೈನನ್ನು ನಿಧಾನವಾಗಿ ಸುತ್ತಬೇಕಾದ ಪ್ರೊಪೆಲರಿಗೆ ಜೋಡಿಸಬೇಕಿತ್ತು. ಎಣ್ಣೆ ತುಂಬಿದ ಡಬ್ಬಿಯಲ್ಲಿ ಎದುರುಬದುರಾಗಿ ಕೂತ ಎರಡು ರೆಕ್ಕೆಯ ಚಕ್ರಗಳು. ಎಂಜಿನ್ ಕಡೆಯದು ಎಣ್ಣೆಯನ್ನು ಬೀಸಿ ಎರಚುತ್ತದೆ, ಆ ರಭಸಕ್ಕೆ ಇನ್ನೊಂದು ತಿರುಗುತ್ತದೆ. ‘ಡಿ’ಯಲ್ಲಿ ಬ್ರೇಕ್ ಬಿಟ್ಟೊಡನೆ ಕಾರು ತಾನಾಗಿ ತೆವಳುವುದು ಇದರಿಂದಲೇ. ಬ್ರೇಕ್ ಒತ್ತಿ ನಿಂತಾಗ ಜಾರುವುದು ಎಣ್ಣೆ, ಸವೆಯುವ ಪ್ಲೇಟಲ್ಲ. ಎಣ್ಣೆಯ ಶಾಖವನ್ನು ಕೂಲರ್ ಹೊರಹಾಕುತ್ತದೆ. ಹಾಗಾಗಿ ಸಣ್ಣ ಸಿಗ್ನಲ್ಲಿಗೆ ‘ಡಿ’ಯಲ್ಲೇ ಬ್ರೇಕ್ ಒತ್ತಿಕೊಂಡಿರಿ. ಉದ್ದನೆಯ ನಿಲುಗಡೆಗೆ ನ್ಯೂಟ್ರಲ್ ಮಾಡಿದರೆ ಎಂಜಿನ್ನಿನ ಹೊರೆ ಇಳಿದು ಪೆಟ್ರೋಲ್ ತುಸು ಉಳಿಯುತ್ತದೆ. ಆಗಲೂ ಬ್ರೇಕ್ ಬೇಕೇ ಬೇಕು. ನ್ಯೂಟ್ರಲ್ಲಿನಲ್ಲಿ ಕಾರನ್ನು ಹಿಡಿಯುವುದು ಬೇರೇನೂ ಇಲ್ಲ.

‘ಪಿ’ಗೆ ಹಾಕುವುದು ಬೇಡ. ಗೇರ್‌ಬಾಕ್ಸಿನ ಹಲ್ಲುಚಕ್ರದೊಳಗೆ ಒಂದು ಸಣ್ಣ ಉಕ್ಕಿನ ಕೊಕ್ಕೆ ಸಿಕ್ಕಿಕೊಳ್ಳುವುದೇ ‘ಪಿ’. ಹಿಂದಿನಿಂದ ಯಾರಾದರೂ ಗುದ್ದಿದರೆ ಪೆಟ್ಟೆಲ್ಲ ಆ ಕೊಕ್ಕೆಯ ಮೇಲೆ. ಸಾಲದ್ದಕ್ಕೆ, ಹಲವು ಕಾರುಗಳಲ್ಲಿ ‘ಪಿ’ಗೆ ಹೋಗುವ ದಾರಿಯಲ್ಲಿ ರಿವರ್ಸ್ ದಾಟಬೇಕು. ಹಿಂದೆ ನಿಂತ ಬೈಕ್ ಸವಾರನಿಗೆ ಬಿಳಿ ದೀಪ ಮಿಂಚಿ ಎದೆ ಧಸಕ್ಕೆನ್ನುತ್ತದೆ.

ಆಟೊ ಹೋಲ್ಡ್ ಇರುವ ಕಾರಿನಲ್ಲಿ ಕಾಲಿಗೂ ಬಿಡುವು. ಒಮ್ಮೆ ಬ್ರೇಕ್ ಅದುಮಿದರೆ ಕವಾಟಗಳು ಮುಚ್ಚಿ ಬ್ರೇಕ್ ಎಣ್ಣೆಯ ಒತ್ತಡವನ್ನು ಹಾಗೆಯೇ ಹಿಡಿದಿಡುತ್ತವೆ, ಹಿಂದಿನ ದೀಪವೂ ಉರಿಯುತ್ತದೆ. ಹಿಲ್ ಹೋಲ್ಡ್ ಬೇರೆಯದು. ಅದು ಕಾಲು ಬ್ರೇಕಿನಿಂದ ಆಕ್ಸಿಲರೇಟರಿಗೆ ಹೋಗುವ ಎರಡು ಮೂರು ಸೆಕೆಂಡಿಗಷ್ಟೇ. ಅದನ್ನು ನಂಬಿ ಏರಿನಲ್ಲಿ ಕಾಲು ತೆಗೆದರೆ ಕಾರು ಹಿಂದಕ್ಕೆ ಉರುಳುತ್ತದೆ.

ಕ್ಲಚ್ಚೇ ಇಲ್ಲದ ಬ್ಯಾಟರಿ ಕಾರಿನವರಿಗೂ ಈ ಮಾತು ಅನ್ವಯಿಸುತ್ತದೆ. ಏರಿನಲ್ಲಿ ಪೆಡಲ್ ಒತ್ತಿ ಕಾರನ್ನು ನಿಲ್ಲಿಸಿಕೊಂಡರೆ ಮೋಟರು ತಿರುಗುವುದಿಲ್ಲ, ಕರೆಂಟು ಮಾತ್ರ ಹರಿಯುತ್ತದೆ. ತಿರುಗುವಾಗ ಎಲ್ಲ ಸುರುಳಿಗಳೂ ಸರದಿಯಂತೆ ಹೊರುತ್ತಿದ್ದ ಹೊರೆ ಈಗ ಅವೇ ಕೆಲವು ಸುರುಳಿಗಳ ಮೇಲೆ ಬಿಡುವಿಲ್ಲದೆ ಬೀಳುತ್ತದೆ. ಬ್ರೇಕ್ ಒತ್ತಿದರೆ ಆ ಕರೆಂಟೂ ಬೇಡ.