ಕಟ್ಟಡದ ಮೇಲಿಂದ ಬಿದ್ರೆ ಪರಿಹಾರ ಕೊಡೋದು ಯಾರು? ಲೇಬರ್ ಕಾರ್ಡ್ ಇಲ್ದಿದ್ರೂ ಹಕ್ಕಿದೆ

ಸೆಂಟ್ರಿಂಗ್ ಕೆಲಸದಲ್ಲಿ ಬಿದ್ದು ಸೊಂಟ ಮುರಿದರೆ ನಮ್ಮ ಕಡೆ ಸಾಮಾನ್ಯವಾಗಿ ನಡೆಯೋದು ಇಷ್ಟೇ: ಮೇಸ್ತ್ರಿ ಆಸ್ಪತ್ರೆ ಬಿಲ್ ಕಟ್ಟಿ, ಕೈಗೆ ಒಂದಿಷ್ಟು ದುಡ್ಡು ಕೊಟ್ಟು, 'ಮುಂದೆ ಏನೂ ಕೇಳಲ್ಲ' ಅಂತ ಸಹಿ ಹಾಕಿಸಿಕೊಳ್ತಾನೆ. ಆದರೆ ಇಂಥ ಸಹಿಯಿಂದ ಪರಿಹಾರದ ಹಕ್ಕು ಹೋಗುವುದಿಲ್ಲ. 1923ರ ನೌಕರರ ಪರಿಹಾರ ಕಾಯ್ದೆಯಿಂದ ಬಂದ ಈ ರಕ್ಷಣೆ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ.

ಎಷ್ಟು ಸಿಗುತ್ತೆ?
ವಯಸ್ಸು, ಕೂಲಿ ಎರಡನ್ನೂ ನೋಡಿ ಲೆಕ್ಕ ಹಾಕ್ತಾರೆ. 30 ವರ್ಷದವರಿಗೆ ಗುಣಕ 207.98. ತಿಂಗಳ ಕೂಲಿ 15,000 ರೂ. ಅಂತ ಹಿಡಿದರೆ, ಮೃತಪಟ್ಟಾಗ ಅದರ ಶೇ. 50ರ ಲೆಕ್ಕದಲ್ಲಿ 15,59,850 ರೂ. ಪೂರ್ತಿ ದುಡಿಯಲಾಗದಂತಾದರೆ ಶೇ. 60ರ ಲೆಕ್ಕದಲ್ಲಿ 18,71,820 ರೂ. ಭಾಗಶಃ ಅಂಗವಿಕಲತೆಯಾದರೆ ದುಡಿಯುವ ಶಕ್ತಿ ಎಷ್ಟು ಕುಂದಿದೆಯೋ ಅಷ್ಟು. ಚಿಕಿತ್ಸೆ ಖರ್ಚು ಬೇರೆ.

ಯಾರು ಕೊಡಬೇಕು?
ಕೆಲಸ ಕೊಟ್ಟವರು. ಗುತ್ತಿಗೆದಾರ ಮೇಸ್ತ್ರಿಗೆ ಸಬ್ ಕಾಂಟ್ರಾಕ್ಟ್ ಕೊಟ್ಟಿದ್ದರೂ ಗುತ್ತಿಗೆದಾರನನ್ನೇ ಕೇಳಬಹುದು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೆರವು ಬೇರೆ, ಈ ಪರಿಹಾರ ಬೇರೆ. ಮಂಡಳಿ ಕಾರ್ಡ್ ಇಲ್ಲ ಅಂತ ಪರಿಹಾರ ತಪ್ಪಲ್ಲ.

ಏನು ಮಾಡಬೇಕು?
ಆಸ್ಪತ್ರೆಯಲ್ಲಿ 'ಮನೇಲಿ ಜಾರಿ ಬಿದ್ದೆ' ಅಂತ ಬರೆಸಬೇಡಿ, ಕೆಲಸದ ಜಾಗದಲ್ಲೇ ಆಗಿದ್ದು ಅಂತ ಬರೆಸಿ. ಪೊಲೀಸ್ ದೂರು, ಬಿಲ್, ಕೂಲಿ ಬಂದ ಫೋನ್‌ಪೇ ದಾಖಲೆ, ಜೊತೆಗಿದ್ದವರ ಹೆಸರು ಇಟ್ಟುಕೊಳ್ಳಿ. 2 ವರ್ಷದೊಳಗೆ ಅರ್ಜಿ ಹಾಕಬೇಕು. ದಾರಿ ಗೊತ್ತಾಗದಿದ್ದರೆ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ವಿಚಾರಿಸಿ. ವಕೀಲರಿಗೆ ಕೊಡಲು ದುಡ್ಡಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವು ಕೇಳಬಹುದು.